ವಂಡರ್ ವುಮನ್ ಎಂಬ ವೀರಾಂಗನೆಯ ರೂಪಚರಿತ್ರೆ

ದೇವತಾಮೂರ್ತಿಯನ್ನು ಕಡೆಯುವ ನಮ್ಮ ಶಿಲ್ಪಿಗೆ ಧ್ಯಾನಶ್ಲೋಕವೆಂಬ ಆಧಾರವೊಂದುಂಟು. ಎಷ್ಟು ಕೈಗಳು, ಯಾವ ಕೈಯಲ್ಲಿ ಯಾವ ಆಯುಧ, ಮುಖದಲ್ಲಿ ಯಾವ ಭಾವ ಎಂಬುದು ಮೊದಲೇ ಗೊತ್ತಾಗಿರುವುದರಿಂದ ಅವನು ತನ್ನ ಕೈಚಳಕವನ್ನೆಲ್ಲ ಆ ಎಲ್ಲೆಯೊಳಗೆಯೇ ತೋರಿಸಬೇಕು. ಅಚ್ಚಿನ ಯಂತ್ರದಿಂದ ಹುಟ್ಟಿದ ವೀರರಿಗಾದರೋ ಇಂತಹ ಆಧಾರವಿಲ್ಲ. ಅವರ ರೂಪವನ್ನು ಬರೆಯುವವನೊಬ್ಬ, ಬರೆಯಿಸುವವನೊಬ್ಬ, ಕೊಳ್ಳುವವನು ಮತ್ತೊಬ್ಬ. ಈ ಮೂವರ ಮನಸ್ಸೂ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತಿರುತ್ತದೆ. ಹೀಗೆ ಬದಲಾಗುತ್ತ ಎಂಬತ್ತು ವರ್ಷಗಳಿಗೂ ಮೀರಿ ಬಾಳಿರುವ ಒಬ್ಬ ವೀರಾಂಗನೆಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇದಕ್ಕೆ ನಿಮಿತ್ತವಾದದ್ದನ್ನು ಮೊದಲು ಹೇಳಿಬಿಡುವುದು ಮೇಲು. ಕಳೆದ ಬೇಸಗೆಯ ರಜೆಯಲ್ಲಿ ಒಂಬತ್ತು ವರ್ಷದ ನನ್ನ ಮೊಮ್ಮಗಳು ಅಮೆರಿಕಾ ದೇಶದ ಚಿತ್ರಕಥಾಪುಸ್ತಕವೊಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದಳು. ಮುಖಪುಟದಲ್ಲಿ ಕೆಂಪು ಕುಪ್ಪಸವನ್ನೂ ನಕ್ಷತ್ರಗಳನ್ನು ಚಿತ್ರಿಸಿದ ನೀಲಿಯ ತುಂಡು ಚಡ್ಡಿಯನ್ನೂ ತೊಟ್ಟು, ಹಣೆಗೆ ಹೊನ್ನಿನ ಪಟ್ಟವನ್ನು ಕಟ್ಟಿ, ಕೈಯಲ್ಲಿ ಹೊಳೆಯುವ ಪಾಶವನ್ನು ಹಿಡಿದ ಯುವತಿಯ ಚಿತ್ರವಿದ್ದಿತು. ಅದನ್ನು ಕಂಡೊಡನೆ ಮರ್ಯಾದೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಗುವೇ ಕೇಳಿತು: “ತಾತ, ಇವಳು ಯುದ್ಧಕ್ಕೆ ಹೋಗುವಾಗಲೂ ಹೀಗೆಯೇ ಹೋಗುತ್ತಾಳೆಯೆ? ಮೊಣಕಾಲಿಗೆ ಪೆಟ್ಟು ಬೀಳುವುದಿಲ್ಲವೆ?”

ನನ್ನ ಮನಸ್ಸಿನಲ್ಲಿದ್ದುದು ಲಜ್ಜೆಯ ಪ್ರಶ್ನೆ. ಮಗುವಿನ ಮನಸ್ಸಿನಲ್ಲಿದ್ದುದು ಕೆಲಸದ ಪ್ರಶ್ನೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ಪುಸ್ತಕವನ್ನು ಓದದೆ ಅದರ ಮೇಲೆ ತೀರ್ಪು ಕೊಡುವುದು ಉಪಾಧ್ಯಾಯನಿಗೆ ತಕ್ಕುದಲ್ಲವೆಂದು, ಆ ವೀರಾಂಗನೆ ಎಲ್ಲಿಂದ ಬಂದಳು, ಅವಳ ರೂಪವನ್ನು ಯಾರು ಯಾವಾಗ ಏತಕ್ಕೆ ಬದಲಾಯಿಸಿದರು ಎಂಬುದನ್ನು ವಿಚಾರಿಸತೊಡಗಿದೆನು. ಆ ವಿಚಾರಣೆಯ ಫಲವೇ ಇದು.

ವಂಡರ್ ವುಮನ್, ಎಂದರೆ ಅದ್ಭುತಾಂಗನೆ, ಅಮೆಜಾನರ ರಾಜಕುಮಾರಿ. ಅಮೆಜಾನರೆಂಬುವರು ಗ್ರೀಕರ ಪುರಾಣಗಳಲ್ಲಿ ಬರುವ ಸ್ತ್ರೀಯೋಧರು. ಅವರ ರಾಣಿಯಾದ ಹಿಪ್ಪೊಲಿಟೆಯ ನಡುಕಟ್ಟನ್ನು ತರುವುದು ಹೆರಾಕ್ಲಿಸನ ಹನ್ನೆರಡು ಸಾಹಸಕಾರ್ಯಗಳಲ್ಲಿ ಒಂದು. ಟ್ರಾಯ್ ನಗರದ ಯುದ್ಧಕ್ಕೆ ಬಂದ ಪೆಂಥೆಸಿಲಿಯಾ ಎಂಬ ಮತ್ತೊಬ್ಬ ರಾಣಿ ಅಕಿಲಿಸನ ಕೈಯಲ್ಲಿ ಮಡಿಯುತ್ತಾಳೆ. ಗ್ರೀಕರ ಕಥೆಗಳಲ್ಲಿ ಈ ಸ್ತ್ರೀಯರ ಶೌರ್ಯದ ವರ್ಣನೆ ಬೇಕಾದಷ್ಟು ಉಂಟು. ಆದರೆ ಕೊನೆಗೆ ಸೋಲುವವರು ಅವರೇ. ವೀರಪುರುಷನ ಕೀರ್ತಿಯನ್ನು ಹೆಚ್ಚಿಸುವುದಕ್ಕಾಗಿ ಅವರ ಶೌರ್ಯವು ವರ್ಣಿತವಾಗಿರುವಂತೆ ತೋರುತ್ತದೆ. ಗ್ರೀಕ್ ಕುಂಬಾರರು ತಮ್ಮ ಪಾತ್ರೆಗಳ ಮೇಲೆ ಈ ಅಮೆಜಾನರನ್ನು ಕಾಲುಮುಚ್ಚುವ ಷರಾಯಿಯನ್ನೂ ತೋಳುಳ್ಳ ಅಂಗಿಯನ್ನೂ ತೊಟ್ಟ ಸಿಥಿಯನ್ ಜನರ ಉಡುಪಿನಲ್ಲಿ ಬಹುವಾಗಿ ಚಿತ್ರಿಸಿದ್ದಾರೆ ಎಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಅದರ ಪ್ರಯೋಜನ ತಿಳಿದುಬರುವುದು.

ಈ ಹಳೆಯ ಕಥೆಯನ್ನು ತಿರುಗಿಸಿ ಬರೆದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞರು. ಇವರು 1893ರಲ್ಲಿ ಹುಟ್ಟಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ, 1921ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಸುಳ್ಳು ಹೇಳುವವನ ರಕ್ತದೊತ್ತಡದಲ್ಲಿ ವ್ಯತ್ಯಾಸವುಂಟಾಗುವುದೆಂಬುದನ್ನು ಆಧಾರವಾಗಿಟ್ಟುಕೊಂಡು ಸತ್ಯಾಸತ್ಯಗಳನ್ನು ಪರೀಕ್ಷಿಸುವ ಕ್ರಮವೊಂದನ್ನು ಕಂಡುಹಿಡಿದರು. 1923ರಲ್ಲಿ ಫ್ರೈ ಎಂಬಾತನ ಮೊಕದ್ದಮೆಯಲ್ಲಿ ವಾಷಿಂಗ್‌ಟನ್ನಿನ ನ್ಯಾಯಸ್ಥಾನವು ಆ ಪರೀಕ್ಷೆಯನ್ನು ಸಾಕ್ಷ್ಯವಾಗಿ ಅಂಗೀಕರಿಸಲಿಲ್ಲ. ನ್ಯಾಯಸ್ಥಾನದಲ್ಲಿ ಸಲ್ಲದ ಸತ್ಯಪರೀಕ್ಷೆಯು ಕಾಲಾಂತರದಲ್ಲಿ ಇವರ ಕಥಾನಾಯಿಕೆಯ ಕೈಯಲ್ಲಿ ಹೊನ್ನಿನ ಪಾಶವಾಯಿತೆಂದು ಹೇಳುವುದುಂಟು. ಮೊದಲಿನ ಕಥೆಗಳಲ್ಲಿ ಆ ಪಾಶಕ್ಕೆ ಸಿಕ್ಕವರು ಹೇಳಿದಂತೆ ಕೇಳಬೇಕಾಗಿದ್ದಿತು. ತರುವಾಯ ಸತ್ಯವನ್ನೇ ನುಡಿಸುವುದು ಅದರ ಮುಖ್ಯ ಗುಣವಾಗಿ ನಿಂತಿತು.

ಮಾರ್ಸ್ಟನ್ನರ ಹಿಂದೆ ಇಬ್ಬರು ಸ್ತ್ರೀಯರಿದ್ದರು. ಒಬ್ಬರು ಅವರ ಪತ್ನಿ ಎಲಿಜಬೆತ್ ಹಾಲೊವೇ. ಕಾನೂನನ್ನೂ ಮನಶ್ಶಾಸ್ತ್ರವನ್ನೂ ವ್ಯಾಸಂಗ ಮಾಡಿದವರು. ಇನ್ನೊಬ್ಬರು ಆ ಮನೆಯಲ್ಲಿಯೇ ಇದ್ದ ಆಲಿವ್ ಬರ್ನ್. ಮಾರ್ಸ್ಟನ್ನರಿಗೆ ಈ ಇಬ್ಬರಲ್ಲಿಯೂ ಮಕ್ಕಳಿದ್ದರು. ಆಲಿವಳ ತಾಯಿ ಎಥೆಲ್ ಬರ್ನ್, ದೊಡ್ಡಮ್ಮ ಮಾರ್ಗರೆಟ್ ಸ್ಯಾಂಗರ್. ಇವರಿಬ್ಬರೂ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯವನ್ನು ತೆರೆದು ಸೆರೆಮನೆಯನ್ನು ಕಂಡವರು. ಎಥೆಲಳು ಅಲ್ಲಿ ಉಪವಾಸ ಸತ್ಯಾಗ್ರಹವನ್ನೇ ಹೂಡಿದಳು. ಆಲಿವಳು ಕೈಗಳಿಗೆ ಅಗಲವಾದ ಕಡಗಗಳನ್ನು ತೊಡುತ್ತಿದ್ದಳು. ವಂಡರ್ ವುಮನ್ನಳ ಕಡಗಗಳಿಗೆ ಅವೇ ಮಾದರಿ. ಅಮೆರಿಕಾದಲ್ಲಿ ಸ್ತ್ರೀಯರ ಮತದಾನದ ಹಕ್ಕಿಗೆ ರಾಜ್ಯಾಂಗದ ಮುದ್ರೆ ಬಿದ್ದುದು 1920ರಲ್ಲಿ. ಆ ಹೋರಾಟದ ಕಾಲದಲ್ಲಿ ಸಂಕೋಲೆಯನ್ನು ಹರಿಯುವ ಹೆಂಗಸಿನ ಚಿತ್ರ ಪತ್ರಿಕೆಗಳಲ್ಲಿ ಸಾಮಾನ್ಯವಾಗಿದ್ದಿತು. ವಂಡರ್ ವುಮನ್ನಳನ್ನು ಮೊದಲು ಚಿತ್ರಿಸಿದ ಹ್ಯಾರಿ ಪೀಟರ್ ಎಂಬ ವೃದ್ಧ ಚಿತ್ರಕಾರರು ಆ ಕಾಲದ ಪತ್ರಿಕೆಗಳಲ್ಲಿ ಕೈ ಪಳಗಿಸಿಕೊಂಡವರು.

1938ರಲ್ಲಿ ಸೂಪರ್‌ಮ್ಯಾನನೂ 1939ರಲ್ಲಿ ಬ್ಯಾಟ್‌ಮ್ಯಾನನೂ ಹುಟ್ಟಿ ಚಿತ್ರಕಥೆಗಳ ವ್ಯಾಪಾರ ಭರದಿಂದ ಸಾಗುತ್ತಿದ್ದಿತು. ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂಬ ಕೂಗೂ ಅದರೊಡನೆಯೇ ಎದ್ದಿತು. ಪ್ರಕಾಶಕರಾದ ಮ್ಯಾಕ್ಸ್ ಗೇನ್ಸ್ ಎಂಬುವರು ಈ ಆಕ್ಷೇಪಣೆಗೆ ಸಮಾಧಾನವಾಗಿ ಮಾರ್ಸ್ಟನ್ನರನ್ನು ವಿದ್ಯಾವಿಷಯದ ಸಲಹೆಗಾರರನ್ನಾಗಿ ಇಟ್ಟುಕೊಂಡರು. ಈ ವೀರರಲ್ಲಿ ಬಲವೊಂದೇ ಇದೆ, ವಾತ್ಸಲ್ಯವಿಲ್ಲ. ಬಲವೂ ಪ್ರೀತಿಯೂ ಕೂಡಿದ ಸ್ತ್ರೀಯೊಬ್ಬಳು ಬೇಕು ಎಂಬುದು ಮಾರ್ಸ್ಟನ್ನರ ಮತ. ಅದರಂತೆ 1941ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ‘ಆಲ್ ಸ್ಟಾರ್ ಕಾಮಿಕ್ಸ್’ನ 8ನೆಯ ಸಂಚಿಕೆಯಲ್ಲಿ ಅವಳು ಮೊದಲು ಕಾಣಿಸಿಕೊಂಡಳು. 1942ರಲ್ಲಿ ‘ಸೆನ್ಸೇಷನ್ ಕಾಮಿಕ್ಸ್’ನ ನಾಯಿಕೆಯಾಗಿ, ಅದೇ ವರ್ಷದ ಬೇಸಗೆಯಲ್ಲಿ ತನ್ನ ಹೆಸರಿನದೇ ಪತ್ರಿಕೆಯನ್ನು ಪಡೆದಳು.

ಕಥೆ ಹೀಗಿದೆ. ಹೆರಾಕ್ಲಿಸನು ಮೋಸದಿಂದ ಹಿಪ್ಪೊಲಿಟೆಯ ನಡುಕಟ್ಟನ್ನು ಅಪಹರಿಸಿ ಅಮೆಜಾನರನ್ನು ಸಂಕೋಲೆಯಲ್ಲಿಡುತ್ತಾನೆ. ಅಫ್ರೊಡೈಟಿ ದೇವಿಯ ಅನುಗ್ರಹದಿಂದ ಬಿಡುಗಡೆ ಹೊಂದಿದ ಅವರು, ಪುರುಷರಿಗೆ ಅಧೀನರಾದುದರ ಫಲವನ್ನು ಮರೆಯದಿರಲೆಂದು ಕಡಗಗಳನ್ನು ಧರಿಸಿ, ದೂರದ ದ್ವೀಪವೊಂದರಲ್ಲಿ ತಮ್ಮದೇ ರಾಜ್ಯವನ್ನು ಕಟ್ಟಿಕೊಳ್ಳುತ್ತಾರೆ. ರಾಣಿಯು ಜೇಡಿಮಣ್ಣಿನಿಂದ ಮಾಡಿದ ಮಗುವಿಗೆ ದೇವಿಯು ಪ್ರಾಣವನ್ನು ಕೊಡುತ್ತಾಳೆ. ಆ ಮಗುವೇ ಡಯಾನಾ. ದ್ವೀಪದಲ್ಲಿ ವಿಮಾನ ಮುರಿದು ಬಿದ್ದ ಸ್ಟೀವ್ ಟ್ರೆವರ್ ಎಂಬ ಅಮೆರಿಕನ್ ಸೈನ್ಯಾಧಿಕಾರಿಯನ್ನು ಉಳಿಸಿ, ಸ್ಪರ್ಧೆಯಲ್ಲಿ ಎಲ್ಲರನ್ನೂ ಗೆದ್ದು, ಮಹಾಯುದ್ಧದಲ್ಲಿ ಮುಳುಗಿದ ಲೋಕಕ್ಕೆ ಅವಳು ಹೊರಡುತ್ತಾಳೆ. ಮೈಮೇಲೆ ಅಮೆರಿಕಾದ ಧ್ವಜದ ಬಣ್ಣಗಳು, ಎದೆಯ ಮೇಲೆ ಹೊನ್ನಿನ ಗರುಡ.

ಹುಟ್ಟಿನಲ್ಲಿಯೇ ಇವಳೊಡನೆ ಒಂದು ವಿರೋಧವೂ ಹುಟ್ಟಿತು. ಸ್ತ್ರೀಯ ಬಿಡುಗಡೆಯನ್ನು ಸಾರಬೇಕಾದ ಕಥೆಗಳಲ್ಲಿ ನಾಯಿಕೆಯನ್ನು ಕಟ್ಟಿಹಾಕುವ ಚಿತ್ರಗಳು ಪುಟಪುಟದಲ್ಲಿಯೂ ಬಂದವು. ಹರಿಯುವುದಕ್ಕೆ ಮೊದಲು ಸಂಕೋಲೆ ಇರಬೇಕಷ್ಟೆ ಎಂದು ಸಮರ್ಥಿಸಬಹುದು. ಆದರೆ ಕಟ್ಟುವುದರಲ್ಲಿ ಕಥೆಗಾರರಿಗಿದ್ದ ಉತ್ಸಾಹವು ಹರಿಯುವುದರಲ್ಲಿದ್ದ ಉತ್ಸಾಹವನ್ನು ಮೀರಿದಂತೆ ಅನೇಕರಿಗೆ ಕಂಡಿತು. ಪ್ರಕಾಶಕರ ಸಲಹಾಮಂಡಲಿಯಲ್ಲಿಯೇ ಇದ್ದ ಜೋಸೆಟ್ ಫ್ರಾಂಕ್ ಎಂಬ ಮಕ್ಕಳ ಸಾಹಿತ್ಯದ ತಜ್ಞೆ 1943ರಲ್ಲಿ ಇದನ್ನು ಬಲವಾಗಿ ಆಕ್ಷೇಪಿಸಿದರು. ಮಾರ್ಸ್ಟನ್ನರು ಒಪ್ಪಲಿಲ್ಲ. ಕ್ಯಾಥೊಲಿಕ್ ಪಾದ್ರಿಗಳ ಸಂಸ್ಥೆಯೊಂದು 1942ರಲ್ಲಿಯೇ, ಇವಳಿಗೆ ಸಾಕಷ್ಟು ಬಟ್ಟೆಯಿಲ್ಲವೆಂಬ ಕಾರಣದಿಂದ ‘ಸೆನ್ಸೇಷನ್ ಕಾಮಿಕ್ಸ್’ಅನ್ನು ವರ್ಜ್ಯಗ್ರಂಥಗಳ ಪಟ್ಟಿಯಲ್ಲಿ ಸೇರಿಸಿದ್ದಿತು. ಇವೆರಡೂ ಒಂದೇ ಆಕ್ಷೇಪಣೆಯಲ್ಲ. ಪಾದ್ರಿಗಳು ನೋಡಿದುದು ಉಡುಪನ್ನು. ಫ್ರಾಂಕ್ ಅವರು ನೋಡಿದುದು ಕಥೆಯಲ್ಲಿ ನಾಯಿಕೆಗೆ ಒದಗುವ ಸ್ಥಿತಿಯನ್ನು. ಈ ಭೇದವನ್ನು ಗುರುತಿಸದೆ ಹೋದರೆ ಮುಂದಿನ ಚರಿತ್ರೆ ಅರ್ಥವಾಗದು.

ದೋಷವಿದ್ದರೂ ಮಾರ್ಸ್ಟನ್ನರ ಕಾಲದ ಡಯಾನಾ ಕೆಲಸಗಾತಿ. ಅವಳು ಒಬ್ಬಂಟಿಗಳೂ ಅಲ್ಲ. ಕಾಲೇಜಿನ ಹುಡುಗಿಯರ ದಂಡೇ ಅವಳ ಬೆನ್ನಿಗಿರುತ್ತಿದ್ದಿತು. ಕೆಟ್ಟವರನ್ನು ಕೊಲ್ಲುವುದಕ್ಕಿಂತ ತಿದ್ದುವುದು ಅವಳಿಗೆ ಇಷ್ಟ. ಅವಳ ಪತ್ರಿಕೆಯಲ್ಲಿ ‘ಚರಿತ್ರೆಯ ಅದ್ಭುತಾಂಗನೆಯರು’ ಎಂಬ ಅಂಕಣವೊಂದಿದ್ದು, ಮೊದಲನೆಯ ಸಂಚಿಕೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಜೀವನ ಪ್ರಕಟವಾಯಿತು. ಟೆನ್ನಿಸ್ ಆಟದಲ್ಲಿ ಹೆಸರಾಂತ ಆಲಿಸ್ ಮಾರ್ಬಲ್ ಆ ಕಾರ್ಯಕ್ಕೆ ಸಹಸಂಪಾದಕಿಯಾಗಿದ್ದರು. 1943ರ ಚಳಿಗಾಲದ 7ನೆಯ ಸಂಚಿಕೆಯಲ್ಲಿ, ಸಾವಿರ ವರ್ಷಗಳಾಚೆಯ ಅಮೆರಿಕಾದಲ್ಲಿ ಅವಳನ್ನು ರಾಷ್ಟ್ರಾಧ್ಯಕ್ಷ ಪದವಿಗೆ ನಿಲ್ಲಿಸಿದರು. ಆದರೆ ಇವಳ ಕಥೆಯನ್ನು ಬೇರೆ ಲೇಖಕರು ಕೈಗೆತ್ತಿಕೊಂಡಾಗ ಏನಾಯಿತು ನೋಡಿ: ‘ಆಲ್ ಸ್ಟಾರ್ ಕಾಮಿಕ್ಸ್’ನ ವೀರಪುರುಷರ ಸಂಘವು ಅವಳನ್ನು ಸೇರಿಸಿಕೊಂಡಿತು, ಕಾರ್ಯದರ್ಶಿಯನ್ನಾಗಿ! ವೀರರು ಯುದ್ಧಕ್ಕೆ ಹೋದರೆ ಇವಳು ಮನೆಯಲ್ಲಿ ಕುಳಿತು ಅವರ ಲೆಕ್ಕಪತ್ರವನ್ನು ನೋಡಿಕೊಳ್ಳಬೇಕು. ಉಡುಪು ಅದೇ, ಹೆಸರು ಅದೇ, ಬಲವೂ ಅದೇ. ಕೆಲಸ ಮಾತ್ರ ಹೋಯಿತು.

ಇಲ್ಲಿ ಇನ್ನೊಬ್ಬ ಹೆಣ್ಣುಮಗಳ ಹೆಸರನ್ನು ಸ್ಮರಿಸದೆ ಮುಂದುವರಿಯಲಾರೆನು. 1944ರಲ್ಲಿ ಮಾರ್ಸ್ಟನ್ನರು ತಮ್ಮ ವಿದ್ಯಾರ್ಥಿನಿಯಾಗಿದ್ದ ಜಾಯ್ ಹಮ್ಮೆಲ್ ಎಂಬ ತರುಣಿಯನ್ನು ಸಹಾಯಕ್ಕೆ ಇಟ್ಟುಕೊಂಡರು. ಆಗ ಆಕೆಗೆ ಇಪ್ಪತ್ತು ವರ್ಷವೂ ದಾಟಿರಲಿಲ್ಲ. ಅದೇ ವರ್ಷ ಮಾರ್ಸ್ಟನ್ನರಿಗೆ ಪೋಲಿಯೊ ರೋಗವು ಬಂದುದರಿಂದ ಕಥೆಗಳನ್ನು ಬರೆಯುವ ಹೊರೆಯಲ್ಲಿ ಬಹುಭಾಗವು ಆಕೆಯ ಮೇಲೆ ಬಿದ್ದಿತು. ಅವೆಲ್ಲವೂ ಮಾರ್ಸ್ಟನ್ನರ ಕಾವ್ಯನಾಮದಲ್ಲಿಯೇ ಅಚ್ಚಾದವು. 1947ರಲ್ಲಿ ಮಾರ್ಸ್ಟನ್ನರು ತೀರಿಕೊಂಡರು. ಆಕೆಯೂ ಕೆಲಸವನ್ನು ಬಿಟ್ಟಳು. ಆ ಬರೆವಣಿಗೆಗಾಗಿ ಆಕೆಗೆ ಬಹಿರಂಗವಾದ ಸನ್ಮಾನ ದೊರೆತುದು 2018ರಲ್ಲಿ, ಆಕೆಯ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ. 2021ರಲ್ಲಿ ಆಕೆ ನಿಧನಳಾದಳು. ಸ್ತ್ರೀಶಕ್ತಿಯನ್ನು ಸಾರುವ ಪುಸ್ತಕವನ್ನು ಬರೆದ ಸ್ತ್ರೀಯ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ.

ಮಾರ್ಸ್ಟನ್ನರ ತರುವಾಯ ರಾಬರ್ಟ್ ಕಾನಿಗರ್ ಎಂಬುವರು ಬಹುಕಾಲ ಕಥೆಗಳನ್ನು ಬರೆದರು. ಮಹಾಯುದ್ಧ ಮುಗಿದು, ಕಾರ್ಖಾನೆಗಳಿಗೆ ಹೋಗಿದ್ದ ಹೆಂಗಸರು ಮನೆಗೆ ಮರಳಬೇಕೆಂದು ಅಮೆರಿಕಾ ದೇಶವೇ ಹೇಳುತ್ತಿದ್ದ ಕಾಲವದು. 1949ರಲ್ಲಿ ‘ಸೆನ್ಸೇಷನ್ ಕಾಮಿಕ್ಸ್’ನ 94ನೆಯ ಸಂಚಿಕೆಯ ಮುಖಪುಟದಲ್ಲಿ ಸ್ಟೀವ್ ಟ್ರೆವರನು ಡಯಾನಾಳನ್ನು ಎತ್ತಿಕೊಂಡು ಹಳ್ಳವನ್ನು ದಾಟಿಸುತ್ತಾನೆ. ವಿಮಾನವನ್ನೇ ಹೊತ್ತವಳಿಗೆ ಹಳ್ಳ ದಾಟಲು ಹೆಗಲು ಬೇಕಾಯಿತು! ಚರಿತ್ರೆಯ ಸ್ತ್ರೀಯರ ಅಂಕಣವು ಹೋಗಿ, ನಾನಾ ದೇಶಗಳ ಮದುವೆಯ ಪದ್ಧತಿಗಳನ್ನು ವರ್ಣಿಸುವ ಪುಟಗಳು ಬಂದವು. 1954ರಲ್ಲಿ ಫ್ರೆಡ್ರಿಕ್ ವರ್ಥಾಮ್ ಎಂಬ ಮನೋವೈದ್ಯರು ಚಿತ್ರಕಥೆಗಳನ್ನು ಖಂಡಿಸಿ ಗ್ರಂಥವೊಂದನ್ನು ಬರೆದು, ಇವಳು ಹುಡುಗಿಯರಿಗೆ ಕೆಟ್ಟ ಆದರ್ಶವೆಂದು ಹಳಿದರು. ಅದೇ ವರ್ಷ ಪ್ರಕಾಶಕರಲ್ಲಿ ಹೆಚ್ಚಿನವರು ಸೇರಿ ನಿಯಮಾವಳಿಯೊಂದನ್ನು ಮಾಡಿಕೊಂಡರು. ಡಯಾನಾ ಸಭ್ಯಳಾದಳು, ಆದರೆ ಮದುವೆ ಯಾವಾಗ ಎಂಬ ಪ್ರಶ್ನೆಗೆ ಉತ್ತರಿಸುವುದೇ ಅವಳ ದೊಡ್ಡ ಉದ್ಯೋಗವಾಯಿತು.

1968ರಲ್ಲಿ ಮಾರಾಟ ಕುಗ್ಗಿದ್ದಿತು. ಲೇಖಕ ಡೆನಿಸ್ ಓನೀಲ್ ಮತ್ತು ಚಿತ್ರಕಾರ ಮೈಕ್ ಸೆಕೌಸ್ಕಿ ಎಂಬುವರು ಅವಳನ್ನು ಪೂರ್ತಿಯಾಗಿ ಹೊಸಬಳನ್ನಾಗಿ ಮಾಡಿದರು. ದೈವಬಲವನ್ನು ತೊರೆದು, ಪಾಶವನ್ನೂ ಕಡಗಗಳನ್ನೂ ಬಿಟ್ಟು, ಬಟ್ಟೆಯಂಗಡಿಯನ್ನಿಟ್ಟುಕೊಂಡು, ಕುರುಡನಾದ ಚೀನೀ ಗುರುವಿನಿಂದ ಕೈಕಾಳಗವನ್ನು ಕಲಿತು, ಮೈತುಂಬ ಬಿಳಿಯ ಉಡುಪನ್ನು ತೊಟ್ಟು ಅವಳು ಬಂದಳು. ಸಾಮಾನ್ಯ ಸ್ತ್ರೀಯೂ ಸ್ವಪ್ರಯತ್ನದಿಂದ ವೀರಳಾಗಬಹುದೆಂದು ತೋರಿಸುವುದೇ ಓನೀಲರ ಉದ್ದೇಶವಾಗಿದ್ದಿತು; ಅದು ಕೆಟ್ಟ ಉದ್ದೇಶವಲ್ಲ. ಮರ್ಯಾದೆಯ ದೃಷ್ಟಿಯಿಂದ ನೋಡಿದರೆ ಇದು ಅವಳ ಅತ್ಯುತ್ತಮ ಕಾಲವೆಂದು ನಾನು ಮೊದಲು ಎಣಿಸಿದೆನು. ಆದರೆ ಸೂಪರ್‌ಮ್ಯಾನನು ಹಾರುತ್ತಲೇ ಇದ್ದಾಗ ಇವಳೊಬ್ಬಳಿಂದ ಮಾತ್ರ ಬಲವನ್ನು ಕಿತ್ತುಕೊಂಡುದು ಏನನ್ನು ಸೂಚಿಸುತ್ತದೆ? ಅವಳು ಬಲವನ್ನು ಬಿಟ್ಟುದು ಸ್ಟೀವನ ಬಳಿಯಲ್ಲಿರುವುದಕ್ಕಾಗಿ. ಅವನೋ ಮುಂದಿನ ಸಂಚಿಕೆಯಲ್ಲಿಯೇ ಸತ್ತನು.

ಈ ಪ್ರಶ್ನೆಯನ್ನು ಕೇಳಿದವರು ಗ್ಲೋರಿಯಾ ಸ್ಟೈನೆಮ್. ಬಾಲ್ಯದಲ್ಲಿ ಮಾರ್ಸ್ಟನ್ನರ ಕಥೆಗಳನ್ನು ಓದಿ ಬೆಳೆದ ಇವರು, ಸ್ತ್ರೀಯರಿಗಾಗಿ ಸ್ಥಾಪಿಸಿದ ‘ಮಿಸ್’ ಎಂಬ ಮಾಸಪತ್ರಿಕೆಯ 1972ರ ಜುಲೈ ಸಂಚಿಕೆಯ ಮುಖಪುಟದಲ್ಲಿ ವಂಡರ್ ವುಮನ್ನಳನ್ನು ಹಳೆಯ ಉಡುಪಿನಲ್ಲಿಯೇ ನಿಲ್ಲಿಸಿ, ರಾಷ್ಟ್ರಾಧ್ಯಕ್ಷ ಪದವಿಗೆ ಅವಳೇ ಆಗಬೇಕೆಂದು ಸಾರಿದರು. 1973ರ ಆರಂಭದ ಸಂಚಿಕೆಯಲ್ಲಿ ಅವಳಿಗೆ ಬಲವೂ ಪಾಶವೂ ಮರಳಿದವು. ತಾವು ಮಾಡಿದುದು ಸರಿಯಾಗಲಿಲ್ಲವೆಂದು ಓನೀಲರೇ ತರುವಾಯ ಒಪ್ಪಿಕೊಂಡರು. ಸ್ತ್ರೀಯರು ಕಡಮೆ ಬಟ್ಟೆಯ ಡಯಾನಾಳನ್ನು ಮರಳಿ ಕರೆದು, ಹೆಚ್ಚು ಬಟ್ಟೆಯ ಡಯಾನಾಳನ್ನು ಬೇಡವೆಂದುದು ನನ್ನಂತಹ ಹಳಬನಿಗೆ ಮೊದಲು ವಿಚಿತ್ರವಾಗಿ ಕಂಡಿತು. ಅವರು ಬೇಡಿದುದು ಬಟ್ಟೆಯನ್ನಲ್ಲ, ಬಲವನ್ನು ಎಂಬುದು ಆಮೇಲೆ ತಿಳಿಯಿತು.

ಅದೇ 1973ರ ಸಂಚಿಕೆಯಲ್ಲಿ ನೂಬಿಯಾ ಎಂಬ ಕಪ್ಪುವರ್ಣದ ಅಮೆಜಾನಳು ಕಾಣಿಸಿಕೊಂಡಳು. ಇವಳೂ ಮಣ್ಣಿನಿಂದಲೇ ಹುಟ್ಟಿದವಳು, ಡಯಾನಾಳ ಸೋದರಿ. ಆದರೆ ಕೆಲವು ಸಂಚಿಕೆಗಳ ತರುವಾಯ ಅವಳನ್ನು ಬಹುಕಾಲ ಮರೆತರು. ಅಮೆಜಾನರ ರಾಣಿಯ ಪಟ್ಟ ಅವಳಿಗೆ ದೊರೆತುದು 2021ರಲ್ಲಿ. ಈ ನಡುವೆ 1975ರಿಂದ 1979ರ ವರೆಗೆ ಲಿಂಡಾ ಕಾರ್ಟರ್ ಎಂಬ ನಟಿಯು ದೂರದರ್ಶನದಲ್ಲಿ ಅಭಿನಯಿಸಿ ವಂಡರ್ ವುಮನ್ನಳ ಹೆಸರನ್ನು ಮನೆಮನೆಗೆ ಮುಟ್ಟಿಸಿದಳು. 1987ರಲ್ಲಿ ಜಾರ್ಜ್ ಪೆರೆಜ್ ಎಂಬ ಚಿತ್ರಕಾರರು, ಕರೆನ್ ಬರ್ಗರ್ ಎಂಬ ಸಂಪಾದಕಿಯ ನೇತೃತ್ವದಲ್ಲಿ, ಕಥೆಯನ್ನು ಮೊದಲಿನಿಂದ ಪ್ರಾರಂಭಿಸಿ ಗ್ರೀಕ್ ದೇವತೆಗಳ ಸಂಬಂಧವನ್ನು ಗಟ್ಟಿಗೊಳಿಸಿದರು. ಪುರುಷರ ಹಿಂಸೆಯಿಂದ ಸತ್ತ ಸ್ತ್ರೀಯರ ಆತ್ಮಗಳೇ ಅಮೆಜಾನರಾಗಿ ಹುಟ್ಟಿದರೆಂಬುದು ಅವರ ಕಲ್ಪನೆ. ಅವರ ಡಯಾನಾ ಯೋಧೆಯಾದರೂ ಶಾಂತಿಯ ದೂತಿಯಾಗಿ ಬರುತ್ತಾಳೆ. ಉಡುಪು ಬಹುಮಟ್ಟಿಗೆ ಹಳೆಯದೇ. ಆದರೆ ಅದನ್ನು ತೊಟ್ಟವಳ ಮುಖದಲ್ಲಿ ಆಲೋಚನೆಯಿದ್ದಿತು.

ಮುಂದಿನ ದಶಕದಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. 1990ರ ದಶಕದ ಮಧ್ಯದಲ್ಲಿ ಅಂಗಾಂಗಗಳನ್ನು ಅತಿಶಯಿಸಿ ಬರೆಯುವ ಚಪಲವು ಅಮೆರಿಕಾದ ಚಿತ್ರಕಥೆಗಳಲ್ಲೆಲ್ಲ ಹಬ್ಬಿ, ಡಯಾನಾಳನ್ನೂ ಬಿಡಲಿಲ್ಲ. 2010ರಲ್ಲಿ 600ನೆಯ ಸಂಚಿಕೆಯೊಡನೆ ಅವಳಿಗೆ ಷರಾಯಿಯನ್ನೂ ಮೇಲಂಗಿಯನ್ನೂ ತೊಡಿಸಿದರು. ದೇಶದ ಪತ್ರಿಕೆಗಳೆಲ್ಲ ಆ ಷರಾಯಿಯ ವಿಷಯವಾಗಿ ಬರೆದವು. ಮರುವರ್ಷ ಕಥೆಯನ್ನು ಪುನಃ ಪ್ರಾರಂಭಿಸಿದಾಗ, ಮೊದಲು ಹೊರಬಿದ್ದ ಚಿತ್ರಗಳಲ್ಲಿದ್ದ ಷರಾಯಿಯು ಸಂಚಿಕೆ ಕೈಗೆ ಬರುವ ವೇಳೆಗೆ ಮಾಯವಾಗಿದ್ದಿತು. ಗ್ರೀಕ್ ಕುಂಬಾರರು ಎರಡೂವರೆ ಸಾವಿರ ವರ್ಷಗಳ ಹಿಂದೆ ಯಾವ ಗದ್ದಲವೂ ಇಲ್ಲದೆ ಅಮೆಜಾನರಿಗೆ ತೊಡಿಸಿದ್ದ ಉಡುಪು ಅಮೆರಿಕಾದಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.

ಅದಕ್ಕಿಂತ ಗಂಭೀರವಾದ ವ್ಯತ್ಯಾಸವು ಉಡುಪಿನಲ್ಲಿ ಅಲ್ಲ, ಜನ್ಮವೃತ್ತಾಂತದಲ್ಲಿ ಆಯಿತು. 2011ರ ಕಥೆಯಲ್ಲಿ ಡಯಾನಾ ತಾಯಿಯು ಮಣ್ಣಿನಿಂದ ಮಾಡಿದ ಮಗುವಲ್ಲ, ಜ್ಯೂಸ್ ದೇವನ ಮಗಳು. ಅಮೆಜಾನರೋ ಹಡಗಿನವರನ್ನು ಮರುಳುಗೊಳಿಸಿ ಕೊಂದು, ಹುಟ್ಟಿದ ಗಂಡುಮಕ್ಕಳನ್ನು ಕೊಟ್ಟು ಆಯುಧಗಳನ್ನು ಪಡೆಯುವವರು. ಕಥೆಯಾಗಿ ಅದು ಬಿಗಿಯಾಗಿದೆ, ಚಿತ್ರಗಳು ಚೆನ್ನಾಗಿವೆ ಎಂದು ಹೊಗಳಿದವರುಂಟು, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಇವಳ ಬಲಕ್ಕೆ ತಂದೆಯೊಬ್ಬನನ್ನು ಹುಡುಕಿ ತಂದು, ಅವಳನ್ನು ಬೆಳೆಸಿದ ಸ್ತ್ರೀಸಮಾಜವನ್ನೇ ಕೊಲೆಗಡುಕರ ಗುಂಪಾಗಿ ಮಾಡಿದ ಮೇಲೆ ಉಳಿದುದೇನು? ಸ್ತ್ರೀಯರೆಲ್ಲರೂ ಕೆಟ್ಟವರು, ಇವಳೊಬ್ಬಳು ಒಳ್ಳೆಯವಳು ಎಂಬುದು ಸ್ತ್ರೀಗೌರವವಾಗಲಾರದು.

2016ರಲ್ಲಿ ಈ ವಾದವು ಚಿತ್ರಕಥೆಗಳ ಅಂಗಡಿಯನ್ನು ಬಿಟ್ಟು ವಿಶ್ವಸಂಸ್ಥೆಯ ಸಭಾಂಗಣವನ್ನು ಹೊಕ್ಕಿತು. ಆ ವರ್ಷ ಮಹಾಕಾರ್ಯದರ್ಶಿಯ ಸ್ಥಾನಕ್ಕೆ ಹದಿಮೂರು ಮಂದಿ ಅಭ್ಯರ್ಥಿಗಳಿದ್ದು ಅವರಲ್ಲಿ ಏಳು ಮಂದಿ ಸ್ತ್ರೀಯರು. ಆದರೂ ಆಯ್ಕೆಯಾದವರು ಪುರುಷರೇ. ಅದೇ ಅಕ್ಟೋಬರ್ ತಿಂಗಳ 21ರಂದು, ವಂಡರ್ ವುಮನ್ನಳಿಗೆ ಎಪ್ಪತ್ತೈದು ತುಂಬಿದ ಸಂದರ್ಭದಲ್ಲಿ, ಅವಳನ್ನು ಸ್ತ್ರೀಯರ ಮತ್ತು ಬಾಲಿಕೆಯರ ಉನ್ನತಿಗಾಗಿ ಗೌರವ ರಾಯಭಾರಿಯೆಂದು ವಿಶ್ವಸಂಸ್ಥೆಯು ಸಾರಿತು. ಸಮಾರಂಭದಲ್ಲಿಯೇ ಅಲ್ಲಿಯ ನೌಕರರು ಕೆಲವರು ಬೆನ್ನು ತಿರುಗಿಸಿ ನಿಂತು ಪ್ರತಿಭಟಿಸಿದರು. ಅಸಾಧ್ಯವಾದ ಅಂಗಪ್ರಮಾಣಗಳುಳ್ಳ, ಒಂದು ದೇಶದ ಧ್ವಜವನ್ನೇ ಅಲ್ಪವಸ್ತ್ರವಾಗಿ ತೊಟ್ಟ, ಬಿಳಿಯ ಜನಾಂಗದ ಕಲ್ಪಿತ ಹೆಂಗಸು ಲೋಕದ ಹೆಣ್ಣುಮಕ್ಕಳಿಗೆಲ್ಲ ಪ್ರತಿನಿಧಿಯಾಗಬಹುದೆ ಎಂಬುದು ಅವರ ಪ್ರಶ್ನೆ. ಸುಮಾರು 45,000 ಮಂದಿ ಆ ಮನವಿಗೆ ರುಜು ಹಾಕಿದರು. ಡಿಸೆಂಬರಿನಲ್ಲಿ ಆ ಗೌರವಪದವಿಯು ಮುಕ್ತಾಯವಾಯಿತು. ನೌಕರರ ಮಾತಿನಲ್ಲಿ ನ್ಯಾಯವಿದ್ದಿತೆಂದೇ ನನ್ನ ಭಾವನೆ. ಜೀವಂತ ಸ್ತ್ರೀಯರು ಏಳು ಮಂದಿ ಬಾಗಿಲಲ್ಲಿ ನಿಂತಿರುವಾಗ ಚಿತ್ರದ ಸ್ತ್ರೀಯನ್ನು ಒಳಕ್ಕೆ ಕರೆದರೆ ಅದು ಗೌರವವೆನಿಸದು.

ಆರು ತಿಂಗಳು ಕಳೆದು 2017ರಲ್ಲಿ ಪ್ಯಾಟಿ ಜೆಂಕಿನ್ಸ್ ಎಂಬ ನಿರ್ದೇಶಕಿ ಇವಳ ಕಥೆಯನ್ನು ಚಲನಚಿತ್ರವಾಗಿ ತಂದರು. ಗಾಲ್ ಗಡೋಟ್ ನಾಯಿಕೆ. 1918ರ ಮಹಾಯುದ್ಧ ಹಿನ್ನೆಲೆ. ಆ ಚಿತ್ರವು ಲೋಕದಾದ್ಯಂತ 82 ಕೋಟಿ ಡಾಲರುಗಳಿಗೂ ಮೀರಿ ಗಳಿಸಿತು. ನಾನೂ ಮೊಮ್ಮಗಳೊಡನೆ ಕುಳಿತು ಅದನ್ನು ನೋಡಿದೆನು. ಅದರಲ್ಲಿಯೂ ಉಡುಪು ದೊಡ್ಡದಲ್ಲ. ಆದರೆ ಅದು ಕವಚದಂತಿದೆ. ಪುರುಷರೆಲ್ಲ ದಾಟಲಾಗದೆಂದು ಕೈಚೆಲ್ಲಿ ಕುಳಿತ ರಣಭೂಮಿಯನ್ನು, ಹಳ್ಳಿಯ ಜನರ ಗೋಳನ್ನು ಕೇಳಿ ಅವಳೊಬ್ಬಳೇ ಏರಿ ನಡೆಯುವ ಸಂದರ್ಭದಲ್ಲಿ ನಮ್ಮ ದೃಷ್ಟಿಯು ಅವಳ ಅಂಗಗಳ ಮೇಲೆ ನಿಲ್ಲುವುದಿಲ್ಲ. ಗುಂಡುಗಳನ್ನು ತಡೆಯುವ ಆ ಕಡಗಗಳ ಮೇಲೆ ನಿಲ್ಲುತ್ತದೆ.

ಈಗ ಸಿಂಹಾವಲೋಕನ ಮಾಡಿದರೆ ಕಾಣುವುದೇನು? ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂಬ ಮತವನ್ನು ಪ್ರತಿಪಾದಿಸಿದನು. ಅಲಂಕಾರವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಇರಬೇಕಾದ ಎಡೆಯಲ್ಲಿದ್ದರೆ ಶೋಭೆ, ಇಲ್ಲದಿದ್ದರೆ ನಗೆಗೀಡು. ಪಾಠಶಾಲೆಯಲ್ಲಿ ಓದಿದ ಈ ಮಾತು ಅಮೆರಿಕಾದ ಚಿತ್ರಕಥೆಗೂ ಸಲ್ಲುವುದೆಂದು ನಾನು ಎಣಿಸಿರಲಿಲ್ಲ. ಬಟ್ಟೆ ಹೆಚ್ಚಿದ್ದ 1968ರಲ್ಲಿ ಅವಳ ಗೌರವ ಕುಗ್ಗಿತು. ಬಟ್ಟೆ ಕಡಮೆಯಿದ್ದ 1987ರಲ್ಲಿ ಹೆಚ್ಚಿತು. ಆದುದರಿಂದ ಅಂಗುಲಗಳ ಲೆಕ್ಕದಿಂದ ಇವಳ ಮರ್ಯಾದೆಯನ್ನು ಅಳೆಯಲಾಗದು. ಹಾಗೆಂದು ಚಿತ್ರವು ಹೇಗಿದ್ದರೂ ಸರಿಯೆಂದಲ್ಲ. ಉದ್ದೇಶ ಎಷ್ಟು ಉನ್ನತವಾಗಿದ್ದರೂ ಕಣ್ಣಿಗೆ ಕಾಣುವುದು ಸಂಕೋಲೆಯೇ ಆದರೆ ಓದುವ ಮಗುವಿನ ಮನಸ್ಸಿನಲ್ಲಿ ನಿಲ್ಲುವುದೂ ಸಂಕೋಲೆಯೇ. ಜೋಸೆಟ್ ಫ್ರಾಂಕ್ ಅವರ ಆಕ್ಷೇಪಣೆಗೆ ಮಾರ್ಸ್ಟನ್ನರು ಕೊನೆಯ ವರೆಗೂ ಸರಿಯಾದ ಉತ್ತರವನ್ನು ಕೊಡಲಿಲ್ಲ.

ಇವಳ ರೂಪವು ಮುಂದೆ ಹೇಗೆ ಬೆಳೆಯಬೇಕೆಂದು ಕೇಳಿದರೆ, ಬದಲಾಗಬಹುದಾದುದನ್ನೂ ಬದಲಾಗಬಾರದುದನ್ನೂ ಬೇರ್ಪಡಿಸಿಕೊಳ್ಳಬೇಕೆಂದು ಹೇಳುವೆನು. ಉಡುಪು, ಮೈಬಣ್ಣ, ಅಂಗಪ್ರಮಾಣ, ಎದೆಯ ಮೇಲಿನ ಚಿಹ್ನೆ, ಧ್ವಜದ ಬಣ್ಣ ಇವು ಕಾಲಧರ್ಮಕ್ಕೆ ಸೇರಿದವು, ಧಾರಾಳವಾಗಿ ಬದಲಾಗಲಿ. ನೂಬಿಯಾಳಂತಹ ಸೋದರಿಯರು ಇನ್ನೂ ಬರಲಿ. ಆದರೆ ಅವಳ ಮುಖ್ಯ ಆಯುಧವು ಕತ್ತಿಯಲ್ಲ, ಸತ್ಯವನ್ನು ನುಡಿಸುವ ಪಾಶ ಎಂಬುದು ಉಳಿಯಬೇಕು. ದೇವಿಗೆ ದೇವತೆಗಳೆಲ್ಲ ತಮ್ಮ ತಮ್ಮ ಆಯುಧಗಳನ್ನು ಕೊಟ್ಟರೆಂದು ನಮ್ಮ ದೇವೀಮಾಹಾತ್ಮ್ಯ ಹೇಳುತ್ತದೆ, ಇವಳಿಗೆ ಬಲವನ್ನು ಕೊಟ್ಟವರು ತಾಯಿಯೂ ಸೋದರಿಯರೂ ಎಂಬುದು ಇವಳ ವೈಶಿಷ್ಟ್ಯ, ಅದು ಉಳಿಯಬೇಕು. ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳುವಳೆಂಬುದು ಉಳಿಯಬೇಕು. ಅವಳನ್ನು ಬರೆಯುವ ಸ್ತ್ರೀಯರ ಹೆಸರು ಪುಸ್ತಕದ ಮೊದಲ ಪುಟದಲ್ಲಿಯೇ, ಅವರು ಬದುಕಿರುವಾಗಲೇ, ಅಚ್ಚಾಗಬೇಕು. ಟ್ರೀನಾ ರಾಬಿನ್ಸ್ ಎಂಬಾಕೆ 1986ರಲ್ಲಿ ಇವಳ ಕಥೆಗೆ ಚಿತ್ರ ಬರೆದುದೂ ಗೇಲ್ ಸಿಮೋನ್ ಎಂಬಾಕೆ 2007ರಿಂದ ಮೂರು ವರ್ಷ ಕಥೆ ಬರೆದುದೂ ಒಳ್ಳೆಯ ಮೊದಲು. ಆದರೆ ನಾಯಿಕೆ ಹುಟ್ಟಿದುದು 1941ರಲ್ಲಿ ಎಂಬುದನ್ನು ನೆನೆದರೆ ಅದು ಎಷ್ಟು ತಡವಾಯಿತೆಂದು ತಿಳಿಯುವುದು.

ಇಷ್ಟನ್ನು ಓದಿ ಮುಗಿಸಿದ ಮೇಲೆ ಮೊಮ್ಮಗಳನ್ನು ಕರೆದು, “ನಿನ್ನ ಪ್ರಶ್ನೆ ಸರಿಯಾಗಿದ್ದಿತಮ್ಮ. ಪೆಟ್ಟು ಬೀಳುವುದಿಲ್ಲವೆಂದು ಬರೆಯುವವರು ಅಂದುಕೊಂಡಿದ್ದಾರೆ, ಅಷ್ಟೆ. ನೀನಾದರೆ ಹೇಗೆ ಬರೆಯುವೆ?” ಎಂದು ಕೇಳಿದೆನು. ಅವಳು ಹಾಳೆಯೊಂದನ್ನು ತೆಗೆದುಕೊಂಡು ಬಹಳ ಹೊತ್ತು ಕುಳಿತು ಬರೆದಳು. ಡಯಾನಾಳ ಪಕ್ಕದಲ್ಲಿ ಇನ್ನು ಮೂವರು ಹುಡುಗಿಯರು ನಿಂತಿದ್ದರು. ಎಲ್ಲರ ಕೈಯೂ ಒಂದೇ ಪಾಶವನ್ನು ಹಿಡಿದಿದ್ದಿತು. ಎಲ್ಲರೂ ಪಾದದ ವರೆಗೆ ಷರಾಯಿ ತೊಟ್ಟಿದ್ದರು. ಗ್ರೀಕ್ ಪಾತ್ರೆಗಳ ವಿಷಯವನ್ನು ನಾನು ಅವಳಿಗೆ ಆಗ ಇನ್ನೂ ಹೇಳಿರಲಿಲ್ಲ.